ಗುಲ್ಮಾರ್ಗ್‌ನಲ್ಲಿ ಹತ್ತಿ ಇಳಿಯುವ ಸ್ಕೀಯಿಂಗ್‌ಗೆ ಹಗುರವಾದ ಹೆಲ್ಮೆಟ್ ಯಾವುದು?

ಪ್ರಶ್ನೆ (ಮಡಿಕೇರಿ):
ಫೆಬ್ರುವರಿಯಲ್ಲಿ ಅಫರ್ವಾಟ್ ಶಿಖರದ ಆಸುಪಾಸಿನಲ್ಲಿ, ಲಿಫ್ಟ್ ಇಲ್ಲದ ಇಳಿಜಾರುಗಳನ್ನು ಮಾರ್ಗದರ್ಶಕರೊಡನೆ ಸ್ಕೀ ಕಟ್ಟಿಕೊಂಡೇ ಹತ್ತಿ ಇಳಿಯುವ ಯೋಜನೆಯಿದೆ. ತಡಿಯಂಡಮೋಳ್ ಹತ್ತುವಾಗಲೇ ನನ್ನ ತಲೆ ವಿಪರೀತ ಬೆವರುತ್ತದೆ. ಬಂಡೆ ಹತ್ತುವವರ ಹಗುರ ಹೆಲ್ಮೆಟ್ ಸಾಕೇ?

ಉತ್ತರ (ವಿರಾಜಪೇಟೆ):
ತೂಕಕ್ಕಿಂತ ಮೊದಲು ಒಳಗಿನ ಚೀಟಿಯನ್ನು ನೋಡಿ. ಇಎನ್ ಎಂದರೆ ಯುರೋಪಿನ ಮಾನದಂಡದ ಗುರುತು. ಇಎನ್ 12492 ಪರ್ವತಾರೋಹಣದ ಮಾನದಂಡ. ಅದರ ಪರೀಕ್ಷೆಯಲ್ಲಿ 5 ಕಿಲೋ ಭಾರವನ್ನು 2 ಮೀಟರ್ ಎತ್ತರದಿಂದ ನೆತ್ತಿಯ ಮೇಲೆ ಬೀಳಿಸುತ್ತಾರೆ, ಅಂದರೆ ಮೇಲಿನಿಂದ ಉರುಳಿ ಬರುವ ಕಲ್ಲೇ ಅದರ ಮುಖ್ಯ ಚಿಂತೆ. ಇಎನ್ 1077 ಸ್ಕೀಯಿಂಗ್‌ಗೆಂದೇ ಇರುವುದು. ವೇಗದಲ್ಲಿ ಬಿದ್ದಾಗ ಪಕ್ಕಕ್ಕೂ ಹಿಂಬದಿಗೂ ತಗಲುವ ಪೆಟ್ಟನ್ನು ಅದು ಗಣಿಸುತ್ತದೆ. ಇಳಿಯುವಾಗಿನ ಅಪಾಯವೇ ದೊಡ್ಡದಾದ್ದರಿಂದ ಎರಡೂ ಗುರುತುಗಳಿರುವುದನ್ನೇ ಕೊಳ್ಳಿ ಎಂಬುದು ನನ್ನ ದೃಢ ಅಭಿಪ್ರಾಯ. ಅಂಥವು 400 ಗ್ರಾಂ ಒಳಗೂ ಸಿಗುತ್ತವೆ. ಬೈಕ್ ಹೆಲ್ಮೆಟ್‌ನ ಐಎಸ್‌ಐ ಗುರುತು ಇಲ್ಲಿ ಲೆಕ್ಕಕ್ಕೆ ಬಾರದು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು ಸರ್. ಅಳತೆಯನ್ನು ಹೇಗೆ ನೋಡಬೇಕು?

ಉತ್ತರ (ಸೋಮವಾರಪೇಟೆ):
ಹುಬ್ಬಿನ ಮೇಲಿನಿಂದ ತಲೆಯ ಸುತ್ತಳತೆ ತೆಗೆದುಕೊಳ್ಳಿ. ತೆಳುವಾದ ಟೋಪಿಯ ಮೇಲೆ ಹೆಲ್ಮೆಟ್ ಧರಿಸಿ, ಗಲ್ಲದ ಪಟ್ಟಿ ಹಾಕುವ ಮೊದಲೇ ತಲೆಯನ್ನು ಬಗ್ಗಿಸಿ ಅಲ್ಲಾಡಿಸಿ. ಜಾರಿದರೆ ಅದು ನಿಮ್ಮದಲ್ಲ. ಗಾಗಲ್ಸ್‌ಗೂ ಹೆಲ್ಮೆಟ್‌ಗೂ ನಡುವೆ ಹಣೆ ಕಾಣಬಾರದು. ಬೆವರಿನ ತೊಂದರೆಗೆ, ತೆರೆದು ಮುಚ್ಚಬಹುದಾದ ಗಾಳಿಕಿಂಡಿಗಳೂ ಬಿಚ್ಚಿ ತೆಗೆಯಬಹುದಾದ ಕಿವಿಮುಚ್ಚಳವೂ ಇರಲಿ. ಒಮ್ಮೆ ಜೋರಾಗಿ ಪೆಟ್ಟು ತಿಂದು ಒಳಗಿನ ಥರ್ಮೊಕೋಲ್ ಪದರ ಕುಗ್ಗಿದ್ದರೆ, ಹೊರಗೆ ಗೀರೇ ಕಾಣದಿದ್ದರೂ ಅದನ್ನು ಮತ್ತೆ ಬಳಸಬೇಡಿ. ಹೆಲ್ಮೆಟ್ ಇದ್ದರೂ ಹಿಮಕುಸಿತಕ್ಕೆಂದು ಟ್ರಾನ್ಸೀವರ್ (ಹಿಮದಡಿ ಸಿಕ್ಕವರನ್ನು ಪತ್ತೆಹಚ್ಚಲು ಸಂಕೇತ ಕಳಿಸುವ, ಹಿಡಿಯುವ ಸಾಧನ), ಪ್ರೋಬ್ (ಹಿಮವನ್ನು ಚುಚ್ಚಿ ಹುಡುಕುವ ಉದ್ದ ಕೋಲು) ಮತ್ತು ಸಲಿಕೆ ಪ್ರತಿಯೊಬ್ಬರ ಬಳಿಯೂ ಇರಲೇಬೇಕು.