ಕತ್ತಲಾಗ ಇಟ್ಟ ಟ್ಯೂಬೂ ಕೆಂಪಾಗಾಕತ್ತೈತಿ, ಪಿಡಾನ್ ಯಾಕ ಆಫ್ ಆಗವಲ್ದು?

ಮಾನ್ವಿ_ಹುಡುಗ: ನಮಸ್ಕಾರ್ರಿ, ರಾಯಚೂರಾಗ ಎಂಎಸ್ಸಿ ಪ್ರಾಜೆಕ್ಟ್ ಮಾಡಾಕತ್ತೀನಿ. ಇ. ಕೋಲಿ ಬ್ಯಾಕ್ಟೀರಿಯಾದೊಳಗ ಪಿಡಾನ್ (pDawn) ಪ್ಲಾಸ್ಮಿಡ್, ಅಂದ್ರ ಬೆಳಕಿಗೆ ಜೀನ್ ಆನ್ ಮಾಡೋ ಡಿಎನ್ಎ ಉಂಗುರ, ಅದರಾಗ ಕೆಂಪು ಪ್ರೋಟೀನ್ ಮಾಡೋ ಎಂಚೆರಿ ಜೀನ್. ನೀಲಿ ಬೆಳಕು ಬಿದ್ರ ಕೆಂಪಾಗ್ಬೇಕು, ಕತ್ತಲಾಗ ಬಣ್ಣ ಬರಬಾರದು, ಆದ್ರ ಫಾಯಿಲ್ ಸುತ್ತಿಟ್ಟಿದ್ದೂ ಕೆಂಪು, ಬೆಳಕಿಗಿಟ್ಟಿದ್ದೂ ಕೆಂಪು. ಮೂರು ಸಲ ಆತು. ಸೀಕ್ವೆನ್ಸ್ ಸರಿ ಐತಿ, ಪ್ಲಾಸ್ಮಿಡ್ ಉಳಿಸ್ಕೊಳ್ಳಾಕ ಕೆನಾಮೈಸಿನ್ ಆಂಟಿಬಯೋಟಿಕ್ಕೂ ಹಾಕೀನಿ. ಗೈಡ್ ಮುಖ ಕೊಟ್ಟು ಮಾತಾಡವಲ್ರು.

ಬಳ್ಳಾರಿ_ಬಿಸಿಲು: ನಮ್ ಕಡೆ ಸೆಕೆಗೆ ಇನ್‌ಕ್ಯುಬೇಟರ್ ಟೆಂಪರೇಚರ್ ಏರಿರ್ತೈತೆ ನೋಡಪ್ಪ, ಜೀನ್ ಆಫ್ ಇಡೋ ಸಿಐ ಪ್ರೋಟೀನು ಶಾಖಕ್ಕೆ ಕೈಕೊಟ್ಟಿರಬೇಕು.

ಗಂಗಾವತಿ_ಅಕ್ಕ: ಶಾಖಕ್ಕ ಸೋಲೋದು 857 ಅನ್ನೋ ಮ್ಯುಟೆಂಟ್ ಸಿಐ ರೀ, ಇದರಾಗ ಅದಿಲ್ಲ. ತಮ್ಮಾ, ಫಾಯಿಲ್ ಎಷ್ಟು ಸಲ ಬಿಚ್ತಿ? ಪ್ರಯೋಗಕ್ಕ ಮೊದಲು ಬೆಳೆಸೋ ಸ್ಟಾರ್ಟರ್ ಕಲ್ಚರ್ ಎಲ್ಲಿ ಬೆಳೆಸಿದಿ?

ಮಾನ್ವಿ_ಹುಡುಗ: ಎಷ್ಟು ಬೆಳೆದೈತಿ ಅಂತ ಓಡಿ (OD) ರೀಡಿಂಗ್ ತಗೊಳ್ಳಾಕ ತಾಸಿಗೊಮ್ಮೆ ಬಿಚ್ತೀನ್ರಿ ಅಕ್ಕಾರ. ಸ್ಟಾರ್ಟರ್ ಬೆಂಚಿನ ಮ್ಯಾಲಿನ ಶೇಕರ್‌ನಾಗ, ಫಾಯಿಲ್ ಇಲ್ಲ.

ಗಂಗಾವತಿ_ಅಕ್ಕ: ಸಿಕ್ತು ನೋಡು. ಪಿಡಾನ್ ಒಳಗಿನ ವೈಎಫ್1 ಎರಡು ಬ್ಯಾಕ್ಟೀರಿಯಾದ್ದು ಕೂಡಿಸಿ ಹೊಲಿದ ಪ್ರೋಟೀನು, ಬೆಳಕು ಹಿಡಿಯೋ ತಲೆ ಬ್ಯಾಸಿಲಸ್ ಸಬ್ಟಿಲಿಸ್‌ದು, ಫಾಸ್ಫೇಟ್ ಅಂಟಿಸೋ ಕೆಳಗಿನ ಕೈನೇಸ್ ಸೋಯಾ ಬೇರಿನ ಗಂಟಿನಾಗಿರೋ ಬ್ರೇಡಿರೈಝೋಬಿಯಂದು. ಕತ್ತಲಾಗ ಅದು ಫಿಕ್ಸ್‌ಜೆ ಅನ್ನೋ ಇನ್ನೊಂದು ಪ್ರೋಟೀನಿಗೆ ಫಾಸ್ಫೇಟ್ ಅಂಟಿಸ್ತೈತಿ, ಫಿಕ್ಸ್‌ಜೆ ಎದ್ದು ಸಿಐ ರಿಪ್ರೆಸರ್ ಮಾಡಿಸ್ತೈತಿ, ಆ ಸಿಐ ನಿನ್ನ ಎಂಚೆರಿ ಪ್ರಮೋಟರ್, ಅಂದ್ರ ಜೀನ್ ಶುರುವಾಗೋ ಜಾಗದ ಮ್ಯಾಲ ಕುಂತು ಅದನ್ನ ತಡಿತೈತಿ. ಅಂದ್ರ ಸುಮ್ಮನಿರಾಕೂ ಅದು ದುಡಿಬೇಕು. ನೀಲಿ ಬೆಳಕು ಬಿತ್ತಂದ್ರ ವೈಎಫ್1 ಒಳಗ ಬೆಳಕು ಹೀರೋ ಫ್ಲೇವಿನ್ ಹೋಗಿ ಸಿಸ್ಟೀನ್ ಅನ್ನೋ ಅಮೈನೋ ಆಸಿಡ್ ಕೈ ಹಿಡ್ಕೊಂತೈತಿ, ಫಾಸ್ಫೇಟ್ ಅಂಟಿಸೋದು ಬಿಟ್ಟು ಇದ್ದದ್ದನ್ನೂ ಕೀಳಾಕ ಶುರು, ಸಿಐ ನಿಂತು ಎಂಚೆರಿ ಆನ್. ಲೈಟ್ ಆರಿಸಿದ ಕೂಡ್ಲೇ ಆ ಬಾಂಡ್ ಬಿಡಂಗಿಲ್ಲ, ತಾಸಿನ ಮ್ಯಾಲ ಹಿಡಿತೈತಿ. ಟ್ಯೂಬ್‌ಲೈಟಿನಾಗೂ ನೀಲಿ ಐತಲ್ಲ, ನೀನು ತಾಸಿಗೊಮ್ಮೆ ಬಿಚ್ಚಿದ್ರ ಅದಕ್ಕ ಕತ್ತಲಾಗೋದು ಯಾವಾಗ? ಮ್ಯಾಲ ಎಂಚೆರಿ ಜಲ್ದಿ ಒಡಿಯಂಗಿಲ್ಲ, ಸ್ಟಾರ್ಟರ್‌ನಾಗ ಆದ ಕೆಂಪೆಲ್ಲ ನಿನ್ನ ಕತ್ತಲ ಟ್ಯೂಬಿಗೂ ಬಂದೈತಿ.

ಕಾಲನಿಯಿಂದನ ಕತ್ತಲಾಗ ಶುರು ಮಾಡು. ಕೆಲಸಕ್ಕ ಕೆಂಪು ಎಲ್‌ಇಡಿ ಬಲ್ಬ್ ಹಾಕ್ಕೊ, ವೈಎಫ್1ಗೆ ಕೆಂಪು ಕಾಣಂಗಿಲ್ಲ. ಒಂದೊಂದು ತಾಸಿಗೆ ಬ್ಯಾರೆ ಟ್ಯೂಬ್ ಇಡು, ಬಿಚ್ಚಿದ್ದನ್ನ ವಾಪಸ್ ಇಡಬ್ಯಾಡ. ಪಿಡಾನ್‌ಗೆ ಉಲ್ಟಾ ಕೆಲಸ ಮಾಡೋ ಪಿಡಸ್ಕ್ (pDusk) ಪ್ಲಾಸ್ಮಿಡ್ ಸಿಕ್ರ ಅದನ್ನೂ ಜೋಡಿಗಿಡು, ಅದರಾಗ ಸಿಐ ಇಲ್ಲ, ಕತ್ತಲಾಗ ಆನ್ ಬೆಳಕಿನಾಗ ಆಫ್.

ಬಳ್ಳಾರಿ_ಬಿಸಿಲು: ಪುಣ್ಯಕ್ಕೆ ಹಸಿರು ಹೊಳೆಯೋ ಜಿಎಫ್‌ಪಿ ಹಾಕಿಲ್ಲ, ನೋಡಾಕ ನೀಲಿ ಬೆಳಕು ಬಿಟ್ರೆ ಅದೇ ಆನ್ ಮಾಡಿಬಿಡ್ತಿತ್ತು 😀 ನೀಲಿ ಎಲ್‌ಇಡಿ ಸದಾ ಉರಿಸಬ್ಯಾಡ, ಆಗಾಗ ಮಿನುಗಿಸಿದ್ರೂ ಸಾಕು, ಟ್ಯೂಬ್ ಬಿಸಿ ಆಗಲ್ಲ.

ಮಾನ್ವಿ_ಹುಡುಗ: ಅಕ್ಕಾರ, ಆತ್ರಿ! ಸ್ಟಾರ್ಟರ್‌ಗೂ ಫಾಯಿಲ್ ಸುತ್ತಿದ್ದೆ. ಕತ್ತಲಂದು ಸೆಂಟ್ರಿಫ್ಯೂಜ್ ಮಾಡಿದ್ರ ತಳಕ್ಕ ಕುಂತ ಪೆಲೆಟ್ ಬೆಳ್ಳಗ, ನೀಲಿ ಕೆಳಗಿಂದು ದಾಳಿಂಬ್ರಿ ಕಾಳಿನಂಗ. ಈಗ ಗೈಡ್ ಪಿಡಸ್ಕೂ ಮಾಡು ಅಂತಾರ.