ಹಳೇ ಆಟಂ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹತ್ತುತ್ತಿಲ್ಲ, ಅನುಭವ ಇದ್ದವರು ಹೇಳಿ

ಬೆಳ್ಳಕ್ಕಿ: ತಂಗಿಯ ಸಣ್ಣ ಲ್ಯಾಪ್‌ಟಾಪ್. ಆಟಂ ಝಡ್3735ಎಫ್ ಪ್ರೊಸೆಸರ್, 2 ಜಿಬಿ ರ‍್ಯಾಮ್, 32 ಜಿಬಿ ಇಎಂಎಂಸಿ ಸಂಗ್ರಹ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲಿ ಬೆಂಬಲ ನಿಂತಿತಲ್ಲ, ಅದಕ್ಕೇ ಲುಬುಂಟು ಎಂಬ ಹಗುರ ಲಿನಕ್ಸ್ ಹಾಕಲು ಹೊರಟೆ. ಪೆನ್‌ಡ್ರೈವ್ ಬೂಟ್ ಮೆನುವಿನಲ್ಲಿ ಕಾಣಿಸುವುದೇ ಇಲ್ಲ. ಬೇರೆ ಕಂಪ್ಯೂಟರ್‌ನಲ್ಲಿ ಅದೇ ಪೆನ್‌ಡ್ರೈವ್ ಚೆನ್ನಾಗಿ ಓಡುತ್ತದೆ.

ಎಸ್‌ಪಿ ರೋಡ್ ಗಿರಾಕಿ: ನನ್ನದು ಕೋರ್ 2 ಡ್ಯುಯೋ ಪ್ರೊಸೆಸರ್. ಲೆಕ್ಕ ಕೇಳಿ. ಎಸ್‌ಎಸ್‌ಡಿಗೆ 1,350 ರೂಪಾಯಿ. ಸೆಕೆಂಡ್ ಹ್ಯಾಂಡ್ ಡಿಡಿಆರ್2 ರ‍್ಯಾಮ್ ಎರಡು ಕಡ್ಡಿ, 1,100. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿದರೆ ಒಂದು ಕಡ್ಡಿಗೆ ಪರದೆ ತುಂಬಾ ಕೆಂಪು ಸಾಲು. ವಾಪಸ್ ಒಯ್ದರೆ ಅಂಗಡಿಯವನು ‘ಟೆಸ್ಟಿಂಗ್ ವಾರಂಟಿ ಮಾತ್ರ ಸಾರ್’ ಎಂದ. ಅಷ್ಟಾದ ಮೇಲೂ ಇನ್‌ಸ್ಟಾಲರ್ ಅರ್ಧಕ್ಕೇ ನಿಲ್ಲುತ್ತಿತ್ತು. ರಿಲೀಸ್ ಫೈಲ್ (ಪ್ಯಾಕೇಜುಗಳ ಪಟ್ಟಿಯ ವಿವರ) ಇನ್ನೂ ಚಾಲ್ತಿಗೆ ಬಂದಿಲ್ಲ ಅಂತ ಅದರ ತಕರಾರು. ನೋಡಿದರೆ ಬಯಾಸ್‌ನ (ಬೋರ್ಡಿನ ಮೂಲ ತಂತ್ರಾಂಶ) ಗಡಿಯಾರದಲ್ಲಿ ಇಸವಿ 2008! ಆ ಗಡಿಯಾರ ನಡೆಸುವ ಸಿಆರ್2032 ಸೆಲ್ ಸತ್ತಿತ್ತು. 40 ರೂಪಾಯಿ ಸೆಲ್‌ಗೋಸ್ಕರ ಇಡೀ ಭಾನುವಾರ ಹಾಳಾಯಿತು. ಮೊದಲು ಸೆಲ್ ನೋಡಿ.

ಗಾಳಿಪಟ: ಅಂಥ ಬೋರ್ಡ್‌ಗೆ ಎಸ್‌ಎಸ್‌ಡಿ ಹಾಕಿದ್ದೇ ದಂಡ. ಡಿಸ್ಕ್ ಜೋಡಿಸುವ ಕಿಂಡಿ ಸಾಟಾ 2 ತಾನೇ? ಸೆಕೆಂಡಿಗೆ 300 ಎಂಬಿ ದಾಟುವುದಿಲ್ಲ. ನಾನು ವಿಂಡೋಸ್ 7 ಇಟ್ಟುಕೊಂಡು ಆರಾಮಾಗಿದ್ದೇನೆ.

ಎಸ್‌ಪಿ ರೋಡ್ ಗಿರಾಕಿ: ಹಳೇ ಹಾರ್ಡ್ ಡಿಸ್ಕ್ ನೂರು ಮುಟ್ಟಲಿಕ್ಕೇ ಏದುಸಿರು ಬಿಡುತ್ತಿತ್ತು ಸ್ವಾಮಿ. ಲೆಕ್ಕ ನನಗೂ ಬರುತ್ತದೆ. 7ಕ್ಕೆ 2020ರ ಜನವರಿಯಲ್ಲೇ ಬೆಂಬಲ ಮುಗಿದಿದೆ. ಅದರಲ್ಲೇ ಬ್ಯಾಂಕ್ ವ್ಯವಹಾರ ಮಾಡ್ತೀರಾ?

ಗಾಳಿಪಟ: ಬ್ಯಾಂಕ್ ಫೋನಲ್ಲಿ. ಕಂಪ್ಯೂಟರ್ ಬೇಕಿರುವುದು ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡಲಿಕ್ಕೆ. ಹದಿನೈದು ವರ್ಷದ ಫೈಲುಗಳಿವೆ. ನಿಮ್ಮ ಲಿನಕ್ಸ್‌ನಲ್ಲಿ ತೆರೆದರೆ ಅಕ್ಷರವೆಲ್ಲ ಚಿತ್ರವಿಚಿತ್ರ.

ಮೂಡಲಮನೆ: ಅದು ಲಿನಕ್ಸ್ ತಪ್ಪಲ್ಲ. ಹಳೇ ನುಡಿ ಫೈಲು ಯೂನಿಕೋಡ್ (ಎಲ್ಲ ಕಡೆ ಒಂದೇ ಆದ ಅಕ್ಷರ ಸಂಕೇತ) ಅಲ್ಲ, ಅದರ ಫಾಂಟ್ ಇಲ್ಲದಿದ್ದರೆ ಎಲ್ಲಿ ತೆರೆದರೂ ಅದೇ ಗತಿ. ಒಮ್ಮೆ ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಟೈಪ್ ಮಾಡಲು ಲಿನಕ್ಸ್‌ನ ಟೈಪಿಂಗ್ ಸಾಧನ ಐಬಸ್‌ನಲ್ಲಿ ನುಡಿಯದೇ ಕಗಪ ಕೀಲಿಮಣೆ ಇದೆ.

ಗಾಳಿಪಟ: ಬದಲಿಸಿ ನೋಡಿದ್ದೇನೆ. ಒತ್ತಕ್ಷರ, ಅರ್ಕಾವತ್ತು ಎಲ್ಲ ಎಕ್ಕುಟ್ಟಿ ಹೋಯಿತು. ನೂರಾರು ಪುಟ ನೀವು ಬಂದು ತಿದ್ದಿಕೊಡ್ತೀರಾ?

ಪೆಂಟಿಯಂ ಪ್ರೇಮಿ: ಸುಮ್ನೆ ಜಗಳ ಯಾಕೆ? ನನ್ನ ಪೆಂಟಿಯಂ ಎಂ ಪ್ರೊಸೆಸರ್ ಮಷಿನ್ ಇವತ್ತಿಗೂ ಓಡುತ್ತಿದೆ. ಅದಕ್ಕೆ ಪಿಎಇ (ಹೆಚ್ಚು ಮೆಮೊರಿ ಬಳಸುವ ಸೌಲಭ್ಯ) ಇಲ್ಲ ಎಂದು ಲಿನಕ್ಸ್‌ನ ತಿರುಳಾದ ಕರ್ನಲ್ ಹಟ ಹಿಡಿದಿತ್ತು. ನಿಜಕ್ಕೂ ಇದೆ, ಚಿಪ್ ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. ಬೂಟ್ ಸಾಲಿನ ಕೊನೆಗೆ ‘ಫೋರ್ಸ್‌ಪಿಎಇ’ ಸೇರಿಸಿದೆ, ಹತ್ತಿತು. ಆದರೆ ಡೆಬಿಯನ್ ಎಂಬ ಲಿನಕ್ಸ್‌ನ 13ನೇ ಆವೃತ್ತಿಯಲ್ಲಿ, ಇಂಥ ಹಳೇ ಮಷಿನ್‌ಗೆ ಬೇಕಾದ 32 ಬಿಟ್ ಇನ್‌ಸ್ಟಾಲರ್ ತೆಗೆದೇ ಹಾಕಿದರು. ಓಡುವ ಮಷಿನ್ನನ್ನು ಗುಜರಿಗೆ ತಳ್ಳುವುದು ಯಾವ ನ್ಯಾಯ?

ಎಸ್‌ಪಿ ರೋಡ್ ಗಿರಾಕಿ: ಅದು ತಿನ್ನುವ ಕರೆಂಟಿಗೆ ಹೊಸದೇ ಬರುತ್ತಿತ್ತು.

ಪೆಂಟಿಯಂ ಪ್ರೇಮಿ: ಕೆಟ್ಟ ರ‍್ಯಾಮಿಗೆ ದುಡ್ಡು ಸುರಿದವರು ಕರೆಂಟ್ ಬಿಲ್ ಮಾತಾಡಬಾರದು.

ಬೆಳ್ಳಕ್ಕಿ: ನನ್ನ ಪೆನ್‌ಡ್ರೈವ್ ವಿಷಯ ಯಾರಾದರೂ...

ಮೂಡಲಮನೆ: ನಿಮ್ಮ ಪ್ರೊಸೆಸರ್ 64 ಬಿಟ್, ಆದರೆ ಅಂಥ ಮಷಿನ್‌ಗಳಲ್ಲಿ ಯುಇಎಫ್‌ಐ (ಬಯಾಸ್ ಜಾಗದ ಹೊಸ ತಂತ್ರಾಂಶ) 32 ಬಿಟ್ಟಿನದು. ಪೆನ್‌ಡ್ರೈವ್‌ನ ‘ಇಎಫ್‌ಐ’ ಫೋಲ್ಡರ್ ಒಳಗಿನ ‘ಬೂಟ್’ನಲ್ಲಿ ‘ಬೂಟ್ಐಎ32.ಇಎಫ್‌ಐ’ ಫೈಲ್ ಇದೆಯಾ ನೋಡಿ. ಇಲ್ಲದಿದ್ದರೆ ಅದು ಪೆನ್‌ಡ್ರೈವನ್ನು ಗುರುತಿಸುವುದೇ ಇಲ್ಲ. ಕೊನೆಗೆ ಲಿನಕ್ಸನ್ನು ಬೂಟ್ ಮಾಡುವ ಗ್ರಬ್ ಕೂಡ 32 ಬಿಟ್ಟಿನದೇ ಹಾಕಬೇಕು. ನಾನು ಹೀಗೇ ಹಾಕಿದ್ದು. ವೈಫೈ ಎದ್ದಿತು, ಸೌಂಡ್ ಇವತ್ತಿಗೂ ಇಲ್ಲ.

ಗಾಳಿಪಟ: ಸೌಂಡ್ ಇಲ್ಲವಂತೆ! ನನ್ನ 7ರಲ್ಲಿ ಇದೆ.

ಮೂಡಲಮನೆ: ವೈರಸ್ ಕೂಡ ಇರಬಹುದು, ನೋಡಿಕೊಳ್ಳಿ.