ಮೋಡೆಮ್‌ ವಿಷಯದಲ್ಲಿ ‘ವೇಗ’ ಅಂದರೆ ಯಾವುದು?

ಎಲ್ಲರಿಗೂ ನಮಸ್ಕಾರ.

ಫೋನ್ ಕರೆ ಮಾಡಿ ಇಂಟರ್ನೆಟ್ ಸೇರುತ್ತಿದ್ದ ಡಯಲ್-ಅಪ್ ಕಾಲದ ಕೊನೆಯ ತಲೆಮಾರಿನ ಮೋಡೆಮ್‌ಗಳನ್ನು ಹೋಲಿಸಿ ಒಂದು ಲೇಖನ ಬರೆಯುತ್ತಿದ್ದೇನೆ. ವಿ.34, ವಿ.90, ವಿ.92 ಎಂಬ ಮೋಡೆಮ್ ಮಾನದಂಡಗಳ ಕೋಷ್ಟಕ ಹಾಕಿಕೊಂಡು ಕೂತರೆ ನಾಲ್ಕು ಅಂಕಣಕ್ಕೂ ‘ವೇಗ’ ಅನ್ನುವ ತಲೆಬರಹವೇ ಬರುತ್ತಿದೆ. ನಾಲ್ಕೂ ಬೇರೆ ಬೇರೆ ಸಂಗತಿಗಳು, ಒಂದೊಂದಕ್ಕೂ ಬೇರೆ ಕನ್ನಡ ಪದ ಬೇಕು. ಹಾಗಾಗಿ ಈ ಪತ್ರ.

ಬಾಡ್ ಬಗ್ಗೆ ನನಗೆ ಗೊಂದಲವಿಲ್ಲ, ಬಳಸುವವರಿಗಿದೆ. ತಂತಿಯ ಮೇಲಿನ ಸಂಕೇತ ಸೆಕೆಂಡಿಗೆ ಎಷ್ಟು ಸಲ ಬದಲಾಗುತ್ತದೆ ಅನ್ನುವುದು ಬಾಡ್. ಹಳೆಯ ಬೆಲ್ 103 ಮೋಡೆಮ್‌ನಲ್ಲಿ ಬಾಡೂ 300, ಸೆಕೆಂಡಿಗೆ ಸಾಗುವ ಬಿಟ್ಟೂ 300. ಎರಡೂ ಒಂದೇ ಅನ್ನುವ ಅಭ್ಯಾಸ ಅಂಥ ಮೋಡೆಮ್‌ಗಳಿಂದಲೇ ಅಂಟಿಕೊಂಡಿರಬೇಕು. ವಿ.22ಬಿಸ್ ಬರುವ ಹೊತ್ತಿಗೆ 600 ಬಾಡ್‌ನಲ್ಲೇ 2,400 ಬಿಟ್ ಸಾಗುತ್ತಿತ್ತು, ಒಂದೊಂದು ಬದಲಾವಣೆಗೆ ನಾಲ್ಕು ಬಿಟ್. 33,600 ಬಿಟ್‌ನ ವಿ.34ರಲ್ಲೂ ಬಾಡ್ 3,429ನ್ನು ದಾಟುವುದಿಲ್ಲ. ಆದರೂ ‘33,600 ಬಾಡ್ ಮೋಡೆಮ್’ ಎಂದು ಬರೆಯುವವರು ಕಡಿಮೆಯಾಗಿಲ್ಲ. ಎಮೀಲ್ ಬೋಡೊ ಎಂಬ ಫ್ರೆಂಚ್ ತಂತಿ ಇಂಜಿನಿಯರರ ಹೆಸರಿನಿಂದ ಬಂದದ್ದಾದ್ದರಿಂದ ವೋಲ್ಟ್, ವ್ಯಾಟ್‌ಗಳಂತೆ ಇದನ್ನೂ ಹಾಗೇ ಬಿಡೋಣ.

ತೊಡಕು ಮುಂದಿನದು. ಕರೆ ಸೇರಿದ ಮೇಲೆ ಎರಡೂ ತುದಿಯ ಮೋಡೆಮ್‌ಗಳು ಕಿರುಚಾಡಿ ಒಂದು ದರಕ್ಕೆ ಒಪ್ಪುತ್ತವಲ್ಲ, ಅದು ಎರಡನೆಯದು. ವಿ.90ರಲ್ಲಿ ಇದು 1,333 ಬಿಟ್‌ನ ಮೆಟ್ಟಿಲುಗಳಲ್ಲಿ ಏರಿಳಿಯುತ್ತದೆ: 48,000, 49,333, 50,666. ಡಬ್ಬದ ಮೇಲಿನ 56,000 ಇಳಿಸಿಕೊಳ್ಳುವಾಗಿನ ಗರಿಷ್ಠ ಮಾತ್ರ. ಕಳಿಸುವಾಗ 33,600ಕ್ಕೇ ನಿಲ್ಲುತ್ತಿತ್ತು. ಅಮೆರಿಕದಲ್ಲಂತೂ ಸಂಕೇತದ ಶಕ್ತಿಗೆ ಸರ್ಕಾರಿ ಮಿತಿ ಇದ್ದುದರಿಂದ ಇಳಿಕೆಯೂ 53,333ಕ್ಕಿಂತ ಮೇಲೆ ಹೋಗುವಂತಿರಲಿಲ್ಲ. ಇದಕ್ಕೆ ‘ಒಪ್ಪಿತ ದರ’ ಎಂದು ಬರೆದುಕೊಂಡಿದ್ದೇನೆ.

ಮೂರನೆಯದು ಕಂಪ್ಯೂಟರಿಗೂ ಮೋಡೆಮ್‌ಗೂ ನಡುವಿನ ಕೇಬಲ್ಲಿನದು. ತೆರೆಯ ಮೇಲೆ ‘ಕನೆಕ್ಟ್ 115200’ ಎಂದು ಕಂಡರೆ ಅದು ಈ ಪೋರ್ಟಿನ ಲೆಕ್ಕ, ಫೋನ್ ಲೈನಿನದಲ್ಲ. ಆ ಸಂಖ್ಯೆ ನೋಡಿ ಹಿಗ್ಗಿದವರಿದ್ದರು! ‘ಪೋರ್ಟ್ ದರ’ ಅಂದರೆ ಸಾಕು.

ನಾಲ್ಕನೆಯದೇ ನನ್ನ ನಿಜವಾದ ಪ್ರಶ್ನೆ: ಕೊನೆಗೆ ಕೈಗೆ ಬಂದದ್ದೆಷ್ಟು? ತಪ್ಪು ತಿದ್ದುವ ಮಾನದಂಡವಾದ ವಿ.42 ಪ್ರತಿ ಅಕ್ಷರದ ಆರಂಭ, ಅಂತ್ಯದ ಬಿಟ್‌ಗಳನ್ನು ಕಿತ್ತು ಸ್ವಲ್ಪ ಉಳಿಸುತ್ತದೆ. ವಿ.42ಬಿಸ್, ಆಮೇಲೆ ವಿ.92ರ ಜೊತೆಗೆ ಬಂದ ವಿ.44, ದತ್ತಾಂಶವನ್ನೇ ಕುಗ್ಗಿಸಿ ಕಳಿಸುತ್ತವೆ. ಬರೀ ಪಠ್ಯದ ಕಡತವಾದರೆ ಒಪ್ಪಿತ ದರಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಸಾಗಿದಂತೆ ಕಾಣುತ್ತದೆ. ಮೊದಲೇ ಕುಗ್ಗಿಸಿಟ್ಟ ಜಿಪ್ ಕಡತ ಕೊಟ್ಟರೆ ಆ ಲಾಭ ಸೊನ್ನೆ. 49,333ರ ಸಂಪರ್ಕದಲ್ಲಿ ಜಿಪ್ ಕಡತ ಸೆಕೆಂಡಿಗೆ ಆರು ಕಿಲೋಬೈಟ್ ಮುಟ್ಟುವುದೂ ಕಷ್ಟ. ಯಾವ ಕಡತ ಕಳಿಸಿದೆವು ಎಂದು ಹೇಳದ ಹೋಲಿಕೆಯನ್ನು ನಾನು ನಂಬುವುದಿಲ್ಲ.

ಇದಕ್ಕೆ ‘ಸಾಗಣೆ ದರ’ ಅನ್ನಬಹುದು, ಆದರೆ ಒಪ್ಪಿತ ದರಕ್ಕೂ ಅದಕ್ಕೂ ವ್ಯತ್ಯಾಸ ಕಿವಿಗೆ ಬೀಳುವುದಿಲ್ಲ. ನನ್ನ ಒಲವು ‘ಇಳುವರಿ’ಯ ಕಡೆಗೆ. ಹೊಲದ ಅಳತೆ ಎಕರೆಯಲ್ಲಿ ಎಷ್ಟೇ ಇರಲಿ, ಕಣಕ್ಕೆ ಬಂದದ್ದೇ ಇಳುವರಿ. ಶಾಲೆಯ ವಿಜ್ಞಾನದಲ್ಲಿ ‘ಜವ’, ‘ವೇಗ’ ಎಂದು ಎರಡಿವೆಯಲ್ಲ ಎಂದು ಗೆಳೆಯರೊಬ್ಬರು ಸೂಚಿಸಿದರು. ಅಲ್ಲಿ ಎರಡನ್ನೂ ಬೇರೆ ಮಾಡುವುದು ದಿಕ್ಕು, ಇಲ್ಲಿಗೆ ಹೊಂದುವುದಿಲ್ಲ.

ದೂರವಾಣಿ ಕೇಂದ್ರಗಳಲ್ಲಿ ಕೆಲಸ ಮಾಡಿದವರು ಇಲ್ಲಿದ್ದೀರಿ. ‘ಇಳುವರಿ: ಸೆಕೆಂಡಿಗೆ 5.2 ಕಿಲೋಬೈಟ್’ ಎಂದು ಓದಿದರೆ ನಿಮಗೆ ಅರ್ಥ ಆಗುತ್ತದೆಯೇ, ನಗು ಬರುತ್ತದೆಯೇ? ಕೆಲಸದ ಮಾತಿನಲ್ಲಿ ನೀವು ಬಳಸುತ್ತಿದ್ದ ಪದ ಬೇರೆ ಇದ್ದರೆ ಅದನ್ನೇ ತಿಳಿಸಿ, ಅದನ್ನೇ ಹಾಕುತ್ತೇನೆ.